ಬಣ್ಣದ ಕೊಕ್ಕರೆ ನೋಡೋಕೆ ಕೊಕ್ಕರೆ ಬೆಳ್ಳೂರಿಗೆ: ಊರಿನ ಹುಡುಗನ ಜೊತೆ ಸುತ್ತಿದ ಒಂದು ದಿನದ ರಿವ್ಯೂ

ಐದಕ್ಕೆ ಐದು ಸ್ಟಾರ್ ಕೊಡ್ತಾ ಇದೀನಿ. ಯಾಕೆ ಅಂತ ಬರೆಯೋಕೆ ಹೋದ್ರೆ ಉದ್ದ ಆಗುತ್ತೆ, ಆದ್ರೂ ಬೇಸಿಗೆ ರಜಕ್ಕೆ ಮಕ್ಕಳನ್ನ ಕರ್ಕೊಂಡು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗೋಣ ಅಂತ ಇರೋರು ದಯವಿಟ್ಟು ಕೊನೇ ತನಕ ಓದಿ. ಮಾರ್ಚ್ ಕೊನೇ ಭಾನುವಾರ ನಾವು ನಾಲ್ಕು ಜನ ಹೋಗಿದ್ವಿ, ನಾನು, ನಮ್ಮನೆಯವರು, ಅತ್ತೆ, ಐದನೇ ಕ್ಲಾಸಲ್ಲಿರೋ ಮಗಳು. ಪರಿಚಯದವರ ಮೂಲಕ ಆ ಊರಿನ ಒಬ್ಬ ಹುಡುಗನ ನಂಬರ್ ಸಿಕ್ಕಿತ್ತು, ಬೆಳಗ್ಗೆ ಆರೂವರೆಯಿಂದ ಸಂಜೆ ತನಕ ಅವನೇ ಸುತ್ತಿಸಿದ, ಮಧ್ಯಾಹ್ನ ಅವನ ಅಜ್ಜಿ ಊಟ ಹಾಕಿದ್ರು. ಈ ರಿವ್ಯೂ ಅವರಿಬ್ಬರ ಬಗ್ಗೆ, ಮತ್ತೆ ಅವರು ತೋರಿಸಿದ ಹಕ್ಕಿಯ ಬಗ್ಗೆ.

ಇದಕ್ಕೆ ಮುಂಚೆ ಒಂದ್ಸಲ ಹೋಗಿದ್ವಿ, ಅದನ್ನ ಹೇಳ್ಲೇಬೇಕು. ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರ ಒಂದು ದಿನದ ಪ್ಯಾಕೇಜ್, ಹೆಸರು ಬೇಡ, ಬೆಳಗ್ಗೆ ಹೊರಟು ಮೂರು ಜಾಗ ತೋರಿಸಿ ರಾತ್ರಿ ವಾಪಸ್ ಬಿಡ್ತೀವಿ ಅಂದಿದ್ರು. ಕರ್ಕೊಂಡು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಊರಲ್ಲಿ ಬಸ್ ನಿಲ್ಲಿಸಿ ಇಪ್ಪತ್ತು ನಿಮಿಷ ಟೈಮ್ ಕೊಟ್ರು, ಮರಗಳೆಲ್ಲ ಖಾಲಿ, ಒಂದೇ ಒಂದು ಕೊಕ್ಕರೆ ಇಲ್ಲ. ಬಸ್ಸಲ್ಲಿದ್ದ ಗೈಡು ಮೈಕಲ್ಲಿ, ಇವು ಸೈಬೀರಿಯಾದಿಂದ ಬರೋ ಹಕ್ಕಿಗಳು, ಈ ವರ್ಷ ಇನ್ನೂ ಬಂದಿಲ್ಲ ಅಂತ ಹೇಳ್ದ. ಮಗಳು ಅದನ್ನೇ ನಂಬ್ಕೊಂಡು ಸ್ಕೂಲಲ್ಲಿ ಪ್ರಾಜೆಕ್ಟ್ ಬರೆದ್ಲು. ನನಗೆ ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ಬೇಜಾರು. ಬಣ್ಣದ ಕೊಕ್ಕರೆ ಸೈಬೀರಿಯಾದ ಮುಖಾನೇ ನೋಡಿಲ್ಲ, ಅದು ನಮ್ಮದೇ ಹಕ್ಕಿ, ಹಿಮಾಲಯದ ಕೆಳಗಿನ ಬಯಲಿಂದ ಶ್ರೀಲಂಕಾ ತನಕ, ಆ ಕಡೆ ಥಾಯ್ಲೆಂಡ್, ಕಾಂಬೋಡಿಯಾ ತನಕ ಕೆರೆ, ಜೌಗು, ಗದ್ದೆ ಇರೋ ಕಡೆ ಬದುಕುತ್ತೆ. ಗೂಡು ಕಟ್ಟೋ ಕಾಲ ಮುಗಿದ್ಮೇಲೆ ಸುತ್ತಮುತ್ತಲ ಕೆರೆ ಕಟ್ಟೆಗಳಿಗೆ ಚೆದುರಿ ಹೋಗುತ್ತೆ ಅಷ್ಟೇ.

ಹಾಗಾಗಿ ಮೊದಲನೇ ವಿಷಯ ಕಾಲ. ಹೆಜ್ಜಾರ್ಲೆಗಳು, ಅಂದ್ರೆ ಪೆಲಿಕನ್‌ಗಳು, ಮುಂಚೆ ಬರ್ತವೆ, ನವೆಂಬರ್ ಡಿಸೆಂಬರ್ ಹೊತ್ತಿಗೆ ಮರ ಹಿಡಿದಿರ್ತವೆ, ಬಣ್ಣದ ಕೊಕ್ಕರೆ ಸಂಕ್ರಾಂತಿ ಕಳೆದು ಬರುತ್ತೆ, ಫೆಬ್ರವರಿ ಮಾರ್ಚ್ ಏಪ್ರಿಲ್ ಗೂಡು, ಮೊಟ್ಟೆ, ಮರಿ ಎಲ್ಲ ನೋಡಬಹುದು, ಮೇ ಮುಗಿಯೋ ಹೊತ್ತಿಗೆ ಒಂದೊಂದೇ ಖಾಲಿ ಆಗ್ತಾ ಬರುತ್ತೆ. ಜುಲೈ ಇಂದ ಅಕ್ಟೋಬರ್ ತನಕ ಹೋದ್ರೆ ಬರೀ ಊರು ನೋಡ್ಕೊಂಡು ಬರಬೇಕು. ಇದು ನಮ್ಮ ಕಡೆ ಲೆಕ್ಕ, ಉತ್ತರದಲ್ಲಿ ರಾಜಸ್ಥಾನದ ಭರತ್‌ಪುರದಲ್ಲಿ ಇದೇ ಹಕ್ಕಿ ಮಳೆ ಬಂದ ಬೆನ್ನಲ್ಲೇ ಆಗಸ್ಟ್ ಸೆಪ್ಟೆಂಬರಲ್ಲಿ ಗೂಡು ಕಟ್ಟುತ್ತೆ. ದೆಹಲಿ ಮೃಗಾಲಯದ ಕೊಳಗಳಲ್ಲಿರೋ ಮರಗಳಿಗೂ 1960ರಿಂದ ಕಾಡಿನ ಬಣ್ಣದ ಕೊಕ್ಕರೆಗಳು ತಾವಾಗೇ ಬಂದು ಗೂಡು ಕಟ್ತಾ ಇದಾವೆ. ಒಂದೇ ಹಕ್ಕಿ, ಎರಡು ಕಡೆ ಎರಡು ಪಂಚಾಂಗ, ಯಾಕೆ ಅಂತ ಮುಂದೆ ಕೆರೆ ವಿಷಯ ಬಂದಾಗ ಹೇಳ್ತೀನಿ.

ದಾರಿ ಬಗ್ಗೆ ಒಂದು ಮಾತು. ಬೆಂಗಳೂರಿಂದ ಹೋಗೋರು ಹೊಸ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೇ ಹೋದ್ರೆ ಊರೂರೆಲ್ಲ ಬೈಪಾಸಲ್ಲಿ ದಾಟಿ ಹೋಗ್ಬಿಡುತ್ತೆ, ಚನ್ನಪಟ್ಟಣದ ಆಚೆ ರುದ್ರಾಕ್ಷಿಪುರದ ಹತ್ರ ಎಡಕ್ಕೆ ತಿರುಗಬೇಕು, ಅಲ್ಲಿಂದ 12 ಕಿಲೋಮೀಟರ್ ಆಸುಪಾಸು. ಸರ್ವೀಸ್ ರೋಡ್ ಹಿಡ್ಕೊಳ್ಳೋದು ಮರೀಬೇಡಿ. ನಾವು ನಾಲ್ಕೂವರೆಗೆ ಮನೆ ಬಿಟ್ಟಿದ್ವಿ.

ಊರೊಳಗೆ ಕಾರು ಹೋದಾಗ ಇನ್ನೂ ಬಿಸಿಲು ಬಂದಿರಲಿಲ್ಲ. ಮೊದಲು ಬಂದಿದ್ದು ವಾಸನೆ, ಹಸಿ ಮೀನು ಮತ್ತು ಹಿಕ್ಕೆ ಸೇರಿದ ಖಾರ ವಾಸನೆ, ಆಮೇಲೆ ಸದ್ದು, ಮರದ ಮೇಲೆ ಯಾರೋ ಒಣಗಿದ ಬಿದಿರು ತುಂಡುಗಳನ್ನ ಒಂದಕ್ಕೊಂದು ಬಡೀತಾ ಇದಾರೇನೋ ಅನ್ನೋ ಥರ ಪಟಪಟಪಟ. ಹುಣಸೆ ಮರಗಳು, ಅರಳಿ ಮರ, ಅದರ ಕೆಳಗೆ ಹೆಂಚಿನ ಮನೆ, ಕೊಟ್ಟಿಗೆ, ಬಚ್ಚಲು, ಬಟ್ಟೆ ಒಣಗಾಕಿರೋ ತಂತಿ, ಕೋಳಿ, ಮೇಲುಗಡೆ ಎಲೇನೇ ಕಾಣದ ಹಾಗೆ ಹಕ್ಕಿ. ಬೇಲಿ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಒಬ್ಬ ಹೆಂಗಸು ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡ್ತಾ ಇದ್ರು, ಅವರ ತಲೆ ಮೇಲೆ ಹದಿನೈದು ಅಡಿ ಎತ್ತರದಲ್ಲಿ ಒಂದು ಕೊಕ್ಕರೆ ಕಡ್ಡಿ ಜೋಡಿಸ್ತಾ ಇತ್ತು. ಇಬ್ಬರೂ ಬೆಳಗಿನ ಕೆಲಸದಲ್ಲಿದ್ರು. ಅತ್ತೆ ಅದನ್ನ ನೋಡ್ತಾ ಕಾರಿಂದ ಇಳಿಯೋದೇ ಮರೆತ್ರು.

ಹುಡುಗ ಬಂದವನೇ ಮೊದಲು ಹೇಳಿದ್ದು, "ಅಕ್ಕ, ಎಲ್ಲಾ ಮರಾನೂ ನೋಡಕ್ಕೋಗ್ಬೇಡಿ, ಒಂದ್ ಮರ ಹಿಡ್ಕಳಿ, ಅವೇ ಎಲ್ಲಾ ತೋರುಸ್ತವೆ." ನಾನು ಇವನಿಗೆ ಐದು ಸ್ಟಾರ್ ಕೊಡೋದಕ್ಕೆ ಕಾರಣ ಈ ಒಂದು ಮಾತು. ಬೇರೆ ಗೈಡುಗಳು ಲಿಸ್ಟ್ ಓದಿಸ್ತಾರೆ, ಇದು ನೋಡಿ ಅದು ನೋಡಿ, ಫೋಟೋ ಆಯ್ತಾ ನಡೀರಿ ಅಂತ. ಇವನು ಅವರ ಮನೆ ಹಿತ್ತಲ ಹುಣಸೆ ಮರದ ಎದುರು ಚಾಪೆ ಹಾಕಿ ಕೂರಿಸ್ದ, ಪಕ್ಕದ ಮನೆಯವರ ಜಗಲಿ ನಮ್ಮ ಕಣ್ಣಿಗೆ ಸರಿ ಎತ್ತರಕ್ಕಿತ್ತು, ಅಲ್ಲಿಂದ ಎರಡನೇ ಕೊಂಬೆಯ ಗೂಡು ನೇರ ಕಾಣ್ತಿತ್ತು. ಬೈನಾಕ್ಯುಲರ್ ಅವನದೇ, ಹಳೇದು, ಒಂದು ಕಡೆ ರಬ್ಬರ್ ಕಿತ್ತು ಹೋಗಿದೆ, ಆದ್ರೆ ಗ್ಲಾಸು ಚೊಕ್ಕ.

ಹಕ್ಕಿ ಹೇಗಿದೆ ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ನಿಂತ್ರೆ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರ, ರೆಕ್ಕೆ ಬಿಚ್ಚಿದ್ರೆ ಈ ತುದಿಯಿಂದ ಆ ತುದಿಗೆ ಒಂದೂವರೆ ಮೀಟರ್ ದಾಟುತ್ತೆ, ತೂಕ 2ರಿಂದ 3.5 ಕೆಜಿ. ಮೈ ಬಿಳಿ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಆ ಪಟ್ಟಿ ಮೇಲೆ ಮೀನಿನ ಹುರುಪೆ ಥರ ಬಿಳಿ ಗೆರೆಗಳು. ರೆಕ್ಕೆ ತುದಿ ಕಪ್ಪು, ಬಾಲ ಕಪ್ಪು. ಬಾಲದ ಮೇಲೆ ಬಂದು ಬೀಳೋ ಗರಿಗಳು ಮಾತ್ರ ಗುಲಾಬಿ, ಎಂಥಾ ಗುಲಾಬಿ ಅಂದ್ರೆ ಹೊಸ ಮೈಸೂರು ಸಿಲ್ಕ್ ಸೀರೆ ಮಡಿಕೆ ಬಿಚ್ಚಿದಾಗ ಒಳಗಡೆ ಕಾಣುತ್ತಲ್ಲ ಆ ಗುಲಾಬಿ. ಆ ಗರಿಗಳಿಂದಲೇ ಬಣ್ಣದ ಕೊಕ್ಕರೆ ಅನ್ನೋ ಹೆಸರು. ಮುಖಕ್ಕೆ ಗರಿ ಇಲ್ಲ, ಬರೀ ಚರ್ಮ, ಕಿತ್ತಳೆ ಬಣ್ಣ, ಗೂಡು ಕಟ್ಟೋ ಕಾಲದಲ್ಲಿ ಅದು ಕೆಂಪಿಗೆ ತಿರುಗಿ ಕುಂಕುಮ ಹಚ್ಚಿದ ಹಾಗೆ ಕಾಣುತ್ತೆ, ಕಾಲ ಮುಗಿದ ಮೇಲೆ ಮಂಕಾಗುತ್ತೆ. ಕೊಕ್ಕು ಹಳದಿ, ದಪ್ಪ, ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿದೆ. ಗಂಡು ಹೆಣ್ಣು ಒಂದೇ ಥರ, ಗಂಡು ಸ್ವಲ್ಪ ದೊಡ್ಡದು, ಕೊಕ್ಕೂ ಸ್ವಲ್ಪ ಉದ್ದ, ಜೋಡಿ ಪಕ್ಕಪಕ್ಕ ನಿಂತಾಗ ಹುಡುಗ ತೋರಿಸ್ದ, ಒಂಟಿಯಾಗಿ ನಿಂತಿದ್ರೆ ನಮಗೆ ಗೊತ್ತಾಗಲ್ಲ.

ಆ ಪಟಪಟ ಸದ್ದು ಕೊಕ್ಕಿನದು. ಬೆಳೆದ ಕೊಕ್ಕರೆಗಳಿಗೆ ದನಿ ಅಂತ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ, ಗಂಟಲಲ್ಲಿ ಕೂಗು ಹೊರಡಿಸೋ ಸ್ನಾಯುಗಳು ಬೆಳೆದಿಲ್ಲ, ಹಾಗಾಗಿ ಹೇಳಬೇಕಾದ್ದನ್ನ ಕೊಕ್ಕು ಕುಟ್ಟಿ ಹೇಳ್ತವೆ. ಹೊರಗಡೆ ಹೋದ ಜೋಡಿ ಹಕ್ಕಿ ಗೂಡಿಗೆ ಇಳಿದಾಗಲೆಲ್ಲ ಇಬ್ಬರೂ ಕತ್ತು ಮೇಲೆ ಕೆಳಗೆ ಮಾಡ್ತಾ ಕೊಕ್ಕು ಕುಟ್ತಿದ್ರು, ಅತ್ತೆ ನೋಡಿ ನೋಡಿ "ಬಂದ್ಯಾ, ಕೂತ್ಕೋ ಅಂತಿದೆ ಕಣೇ" ಅಂದ್ರು. ಮರಿಗಳಿಗೆ ಮಾತ್ರ ಗಂಟಲಿದೆ. ಹಸಿವಾದ್ರೆ ಕರ್ಕಶವಾಗಿ ಕಿರುಚ್ತವೆ, ತುಕ್ಕು ಹಿಡಿದ ಗೇಟು ತೆಗೆದ ಹಾಗೆ. ಒಂದು ಮರದಲ್ಲಿ ನಲವತ್ತು ಗೂಡು ಇದ್ರೆ ಸದ್ದು ಎಷ್ಟಿರುತ್ತೆ ನೀವೇ ಅಂದಾಜು ಮಾಡ್ಕೊಳ್ಳಿ. ಆ ಊರಿನವರು ಅದರ ಕೆಳಗೆ ಮಲಗ್ತಾರೆ, ಮಕ್ಕಳನ್ನ ಓದಿಸ್ತಾರೆ.

ನಾವು ನೋಡ್ತಿದ್ದ ಗೂಡಲ್ಲಿ ಮೂರು ಮರಿ. ದೊಡ್ಡ ಎರಡು ಬಿಳಿ ತುಪ್ಪಳ ಕಳೆದು ಮಾಸಲು ಕಂದು ಗರಿ ಹಾಕ್ತಿದ್ವು, ಮೂರನೇದು ಅವುಗಳ ಅರ್ಧ ಇತ್ತು. ಮಗಳು ಯಾಕೆ ಅಂತ ಕೇಳಿದ್ಲು. ಹುಡುಗ ಹೇಳಿದ್ದು ಸರಿಯಾಗಿತ್ತು, ನಾನು ಮನೆಗೆ ಬಂದು ಓದಿ ನೋಡಿದೆ. ಮೊಟ್ಟೆ ಎಲ್ಲ ಒಂದೇ ದಿನ ಇಡಲ್ಲ, ಬಿಟ್ಟು ಬಿಟ್ಟು ಇಡುತ್ತೆ, ಸಾಮಾನ್ಯ ಮೂರು ನಾಲ್ಕು, ಆದ್ರೆ ಕಾವು ಕೊಡೋಕೆ ಮೊದಲಲ್ಲೇ ಶುರು ಮಾಡುತ್ತೆ, ತಿಂಗಳ ಹತ್ತಿರ ಕಾವು, ಗಂಡು ಹೆಣ್ಣು ಇಬ್ಬರೂ ಸರದಿ ಮೇಲೆ ಕೂರ್ತಾರೆ, ಹಾಗಾಗಿ ಮರಿಗಳೂ ಹಿಂದೆ ಮುಂದೆ ಒಡೆದು ಬರ್ತವೆ. ಮೊದಲು ಬಂದಿದ್ದು ಮೊದಲು ತಿನ್ನುತ್ತೆ. ಅಪ್ಪ ಅಮ್ಮ ಬಾಯಿಗೆ ಇಟ್ಟು ತಿನ್ನಿಸಲ್ಲ, ಹೊಟ್ಟೇಲಿ ತುಂಬ್ಕೊಂಡು ಬಂದ ಮೀನನ್ನ ಗೂಡಿನ ಮಧ್ಯೆ ಕಕ್ಕುತ್ತೆ, ಮರಿಗಳು ಆರಿಸ್ಕೊಂಡು ನುಂಗ್ಬೇಕು. ಕೆರೆಯಲ್ಲಿ ಮೀನು ಸಮೃದ್ಧಿ ಇದ್ದ ವರ್ಷ ಮೂರೂ ಬದುಕ್ತವೆ, ಇಲ್ಲದ ವರ್ಷ ಕೊನೇದು ಸೊರಗುತ್ತೆ. ನಾವು ಕೂತಿದ್ದಾಗ ಒಂದು ಸಲ ಮೀನು ಬಂತು, ಬೆರಳುದ್ದದವು, ಇನ್ನೂ ಹೊಳೀತಿದ್ವು. ದೊಡ್ಡವೆರಡು ಬಡ್ಕೊಂಡು ತಿಂದ್ವು, ಸಣ್ಣದಕ್ಕೆ ಅಂಚಿಗೆ ಬಿದ್ದಿದ್ದ ಒಂದು ಸಿಕ್ತು. ಮಗಳು ಅಮ್ಮ ಅದಕ್ಕೆ ನಾವೇ ಹಾಕೋಣ ಅಂತ ನನ್ನ ಕೈ ಹಿಡ್ಕೊಂಡ್ಲು. ನನಗೂ ಹೊಟ್ಟೆ ಚುರ್ ಅಂತು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಮರಿಗಳಿಗೆ ಭಯ ಆದ್ರೆ, ಗೂಡಿನ ಮೇಲೆ ಹದ್ದಿನ ಥರದ್ದೇನಾದ್ರೂ ಬಂದ್ರೆ, ತಿಂದಿದ್ದನ್ನ ಕಕ್ಕಿ ಗೂಡಲ್ಲಿ ಚಪ್ಪಟೆಯಾಗಿ ಸತ್ತ ಹಾಗೆ ಬಿದ್ಕೊಳ್ತವಂತೆ. ಅದಕ್ಕೇ ಮರದ ಹತ್ರ ಡ್ರೋನ್ ಹಾರಿಸೋದು, ಚಪ್ಪಾಳೆ ಹೊಡೆಯೋದು, ಪಟಾಕಿ ಸಿಡಿಸೋದು ಮಾಡೋರಿಗೆ ಗೊತ್ತಿರಲಿ, ನೀವು ಒಂದು ಫೋಟೋಗೆ ಹೆದರಿಸಿದ್ರೆ ಆ ಮರಿಯ ಆ ಹೊತ್ತಿನ ಊಟ ಹೋಯ್ತು.

ಹತ್ತು ಗಂಟೆ ಹೊತ್ತಿಗೆ ನೆಲ ಕಾಯೋಕೆ ಶುರುವಾಯ್ತು, ಆಗ ನೋಡಬೇಕಾದ್ದು ಆಕಾಶ. ಮರದಿಂದ ಎದ್ದ ಕೊಕ್ಕರೆಗಳು ನಾಲ್ಕು ಸಲ ರೆಕ್ಕೆ ಬಡಿದು ಬಿಸಿಗಾಳಿ ಸಿಕ್ಕಿದ ಕಡೆ ಬಿಚ್ಚಿ ಹಿಡಿದು ಸುತ್ತು ಸುತ್ತು ಸುತ್ತುತ್ತಾ ಮೇಲೇರಿದ್ವು, ಕತ್ತು ಮುಂದಕ್ಕೆ ಚಾಚಿ ಕಾಲು ಹಿಂದಕ್ಕೆ ಚಾಚಿ, ಎಷ್ಟು ಎತ್ತರ ಅಂದ್ರೆ ಕೊನೆಗೆ ಅಕ್ಕಿಕಾಳಿನಷ್ಟು ಕಂಡ್ವು, ಅಲ್ಲಿಂದ ಒಂದೊಂದೂ ಒಂದೊಂದು ಕೆರೆ ದಿಕ್ಕಿಗೆ ಜಾರಿಕೊಂಡು ಹೋದ್ವು. ರೆಕ್ಕೆ ಬಡಿಯೋ ಖರ್ಚೇ ಇಲ್ಲ. ದಪ್ಪ ಮೈ ಇಟ್ಕೊಂಡು ದಿನಾ ದೂರದ ಕೆರೆಗೆ ಹೋಗಿ ಬರೋಕೆ ಆಗೋದು ಹೀಗೆ.

ಹನ್ನೆರಡಕ್ಕೆ ಬಿಸಿಲು ತಡೆಯೋಕೆ ಆಗ್ಲಿಲ್ಲ, ನಾವು ಜಗಲಿಯೊಳಗೆ ಸರಿದ್ವಿ. ಗೂಡಲ್ಲಿ ಉಳಿದಿದ್ದ ಹಕ್ಕಿ ಸೂರ್ಯನಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆ ಅರ್ಧ ಬಿಚ್ಚಿ ನಿಂತ್ಕೊಳ್ತು, ಕೊಡೆ ಹಿಡಿದ ಹಾಗೆ, ಮೂರು ಮರಿನೂ ಆ ನೆರಳಲ್ಲಿ. ನೆರಳು ಸರಿದ ಹಾಗೆ ತಾನೂ ಹೆಜ್ಜೆ ಸರಿಸ್ತಾ ಇತ್ತು. ಮುಕ್ಕಾಲು ಗಂಟೆ ನಾನು ನೋಡಿದೆ, ಒಂದು ಸಲವೂ ರೆಕ್ಕೆ ಮಡಚಲಿಲ್ಲ. ಅದರ ಕಾಲು ಬಿಳಿ ಇತ್ತು, ಸುಣ್ಣ ಬಳಿದ ಹಾಗೆ. ಮೈ ತಂಪಾಗೋಕೆ ಕೊಕ್ಕರೆಗಳು ತಮ್ಮ ಕಾಲ ಮೇಲೇ ನೀರು ನೀರಾಗಿ ಹಿಕ್ಕೆ ಹಾಕ್ಕೊಳ್ತವೆ, ಅದು ಆರುವಾಗ ಕಾಲಲ್ಲಿ ಹರಿಯೋ ರಕ್ತ ತಣ್ಣಗಾಗುತ್ತೆ, ನಮಗೆ ಬೆವರು ಹೇಗೋ ಹಾಗೆ. ಕಾಲಿನ ನಿಜವಾದ ಬಣ್ಣ ಕೆಂಪು ಹಳದಿ ಮಿಶ್ರ, ಬೇಸಿಗೆಯಲ್ಲಿ ಅದು ಕಾಣೋದು ಕಮ್ಮಿ.

ಊಟ. ರಾಗಿ ಮುದ್ದೆ, ಉಪ್ಸಾರು, ಅದಕ್ಕೆ ಒರಳಲ್ಲಿ ಅರೆದ ಖಾರ, ಹುರುಳಿಕಾಳು, ಅನ್ನ, ಮಜ್ಜಿಗೆ. ಅತ್ತೆ ಹಾಸನದವರು, ಮುದ್ದೆ ವಿಷಯದಲ್ಲಿ ಸುಲಭಕ್ಕೆ ಯಾರನ್ನೂ ಹೊಗಳಲ್ಲ, ಇಲ್ಲಿ ಎರಡನೇದು ಕೇಳಿ ಹಾಕಿಸ್ಕೊಂಡ್ರು. ಅಜ್ಜಿ ಬಡಿಸ್ತಾ ಬಡಿಸ್ತಾ ಮಾತಾಡಿದ್ರು. ಅತ್ತೆ ಕೇಳಿದ್ರು, ಇಷ್ಟು ಗಲೀಜು, ಸದ್ದು, ಬಾವಿ ಹತ್ರ ಬಟ್ಟೆ ಹಾಕಂಗಿಲ್ಲ, ನಿಮಗೆ ಬೇಜಾರಾಗಲ್ವಾ ಅಂತ. ಅಜ್ಜಿ ಹೇಳಿದ್ದು ನಾನು ಹಾಗೇ ಬರೀತೀನಿ: "ನಮ್ಮನೆ ಹೆಣ್ಮಕ್ಳು ಬಾಣಂತನಕ್ಕೆ ಬರಾಕಿಲ್ವೇನವ್ವ, ಹಂಗೇಯ ಇವೂವೆ. ತವರಿಗ್ ಬಂದ ಮಗಳು ಗಲೀಜ್ ಮಾಡ್ತಾಳೆ ಅಂತ ಯಾರಾರ ಆಚ್ಗೆ ಕಳಿಸ್ತಾರಾ?" ಈ ಮಾತು ಆ ಊರಲ್ಲಿ ಅಜ್ಜಿ ಒಬ್ಬರೇ ಹೇಳೋದಲ್ಲ, ಎಲ್ಲರೂ ಹೇಳ್ತಾರೆ, ಹೆಜ್ಜಾರ್ಲೆಗೂ ಹೇಳ್ತಾರೆ, ಕೊಕ್ಕರೆಗೂ ಹೇಳ್ತಾರೆ. ನನ್ನ ಎರಡು ಹೆರಿಗೆಗೂ ಬಾಣಂತನ ಮಾಡಿದ್ದು ಅತ್ತೆ, ನನಗೆ ತಾಯಿ ಇರಲಿಲ್ಲ, ಮೊದಲನೇ ಮಗು ಉಳೀಲಿಲ್ಲ. ಅಜ್ಜಿ ಮಾತು ಕೇಳಿ ಅತ್ತೆ ತಟ್ಟೆ ನೋಡ್ತಾ ಸುಮ್ಮನಾದ್ರು, ನಾನೂ.

ಊರಿನ ಕತೆನೂ ಅಜ್ಜಿ ಹೇಳಿದ್ರು. ಹಳೇ ಊರು ಶಿಂಷಾ ಹೊಳೆ ಕಡೆ ಇತ್ತಂತೆ, 1916ರಲ್ಲಿ ಪ್ಲೇಗು ಬಂದು ಜನ ಮನೆ ಬಿಟ್ಟು ಈ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೇನೇ ಬಂದ್ವಂತೆ. ಊರವರು ಹಾಗೆ ಹೇಳ್ಕೊಂಡು ಬಂದಿದಾರೆ. ಹೊರಗಿನ ಜನಕ್ಕೆ ಇದು ದೊಡ್ಡ ಸುದ್ದಿ ಆಗಿದ್ದು 1976ರಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ್ ಅವರು ಇಲ್ಲಿಯ ಹೆಜ್ಜಾರ್ಲೆ ಗೂಡುಗಳನ್ನ ಗುರುತಿಸಿ ಬರೆದ ಮೇಲೆ. 1990ರ ದಶಕದಿಂದ ಮೈಸೂರಿನ ಹವ್ಯಾಸಿ ಪಕ್ಷಿ ಪ್ರಿಯರು ಊರಿನ ಹುಡುಗರ ಜೊತೆ ಸೇರಿ ಕೆಲಸ ಮಾಡಿದ್ರು, ಹೆಜ್ಜಾರ್ಲೆ ಬಳಗ ಅಂತ ಊರವರದೇ ಗುಂಪು ಆಯ್ತು. 2007ರಲ್ಲಿ ಸರ್ಕಾರ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸ್ತು.

ಹುಣಸೆ ಲೆಕ್ಕ ಅರ್ಥ ಮಾಡ್ಕೊಳ್ಳಿ. ಹುಣಸೆ ಹಣ್ಣು ಬಡಿಯೋ ಕಾಲ ಮತ್ತು ಈ ಹಕ್ಕಿ ಮರಿ ಮಾಡೋ ಕಾಲ ಎರಡೂ ಒಂದೇ. ಮರ ಹತ್ತಿ ಗಳ ಹಾಕಿದ್ರೆ ಗೂಡು ಉಳಿಯಲ್ಲ, ಗೂಡು ಉಳಿಸಿದ್ರೆ ಆ ವರ್ಷದ ಹುಣಸೆ ಹೋಯ್ತು. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತೆ. ಬೆಂಗಳೂರಲ್ಲಿ ಒಂದು ಕೆಜಿ ಒಳ್ಳೇ ಹುಣಸೆಗೆ ನಾವು ಎಷ್ಟು ಕೊಡ್ತೀವಿ ಯೋಚನೆ ಮಾಡಿ, ಅಜ್ಜಿ ಮನೆಯ ಆ ಒಂದು ಮರ ಎಷ್ಟು ಬಿಡಬಹುದು ಅಂತಾನೂ. ಅವರಿಗೆ ಹಕ್ಕಿಯಿಂದ ಸಿಗೋದು ಗೊಬ್ಬರ, ಮರದ ಬುಡದಲ್ಲಿ ಗುಂಡಿ ತೆಗೆದು ಕೆರೆ ಗೋಡು ತುಂಬ್ತಾರೆ, ಹಿಕ್ಕೆ ಅದರ ಮೇಲೆ ಬಿದ್ದು ಬಿದ್ದು ಕೂಡ್ಕೊಳ್ಳುತ್ತೆ, ಆಮೇಲೆ ಹೊಲಕ್ಕೆ ಹೊಡೀತಾರೆ. ಅಜ್ಜಿ ನಮಗೆ ಹಾಕಿದ ಹುರುಳಿ ಅದೇ ಹೊಲದ್ದು.

ಮಧ್ಯಾಹ್ನ ಮೂರಕ್ಕೆ ಹುಡುಗ ನಮ್ಮ ಕಾರಲ್ಲೇ ತೈಲೂರು ಕೆರೆ ಕಡೆ ಕರ್ಕೊಂಡು ಹೋದ. ಟ್ರಾವೆಲ್ಸ್‌ನವರು ಯಾರೂ ಇದನ್ನ ತೋರಿಸಲ್ಲ, ನನಗೆ ಇಡೀ ದಿನದಲ್ಲಿ ಮನಸ್ಸಿಗೆ ಹಿಡಿದಿದ್ದು ಇದೇ. ಗೂಡಿನ ಹತ್ರ ನೋಡಿದ್ದು ಹಕ್ಕಿಯ ಅರ್ಧ ಬದುಕು, ಉಳಿದರ್ಧ ಕೆರೆಯಲ್ಲಿದೆ. ನೀರು ಇಳಿದು ಅಂಚಲ್ಲಿ ಕೆಸರು ಬಿಟ್ಟಿತ್ತು, ಮೊಣಕಾಲು ಮುಳುಗೋಷ್ಟು ನೀರಲ್ಲಿ ಇಪ್ಪತ್ತು ಇಪ್ಪತ್ತೈದು ಕೊಕ್ಕರೆ ಸಾಲಾಗಿ ನಿಂತಿದ್ವು. ಬೆಳ್ಳಕ್ಕಿ ಮೀನು ಹಿಡಿಯೋದು ನೋಡಿರ್ತೀರ, ಕದಲದೇ ನಿಂತು ಕಣ್ಣಲ್ಲಿ ಗುರಿ ಇಟ್ಟು ಟಕ್ ಅಂತ ಚುಚ್ಚುತ್ತೆ. ಇದು ಹಾಗಲ್ಲ. ಕೊಕ್ಕು ಅರ್ಧ ತೆರೆದು ನೀರೊಳಗೆ ಮುಳುಗಿಸಿ ತಲೆ ಆ ಕಡೆ ಈ ಕಡೆ ಆಡಿಸ್ತಾ ನಡೆಯುತ್ತೆ, ಕತ್ತಲಲ್ಲಿ ಚೀಲದೊಳಗೆ ಕೈ ಹಾಕಿ ಕಾಸು ಹುಡುಕೋ ಹಾಗೆ, ಮಧ್ಯೆ ಮಧ್ಯೆ ಒಂದು ಕಾಲಿಂದ ಕೆಸರು ಕೆದಕುತ್ತೆ, ಅಲ್ಲಿ ಅಡಗಿರೋ ಮೀನು ಎದ್ದು ಬಂದು ಕೊಕ್ಕಿಗೆ ತಾಗಿದ್ರೆ ಸಾಕು, ಮುಚ್ಕೊಳ್ಳುತ್ತೆ. ಕಣ್ಣಿನ ಕೆಲಸ ಇಲ್ಲ, ಬರೀ ಸ್ಪರ್ಶ. ಇದೇ ಕುಲದ ಅಮೆರಿಕದ ಕೊಕ್ಕರೆ ಮೇಲೆ 1963ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀನು ತಾಗಿದ ಕ್ಷಣದಿಂದ ಕೊಕ್ಕು ಮುಚ್ಚೋಕೆ ಹಿಡಿಯೋ ಹೊತ್ತು ಒಂದು ಸೆಕೆಂಡಿನ 40ರಲ್ಲಿ ಒಂದು ಪಾಲು ಅಂತ ಅಳೆದಿದ್ರು. ನಾವು ಕಣ್ಣು ಮಿಟುಕಿಸೋದು ಇದಕ್ಕಿಂತ ಎಷ್ಟೋ ನಿಧಾನ. ಅದಕ್ಕೇ ರಾಡಿ ನೀರಲ್ಲೂ ಇದು ಹೊಟ್ಟೆ ತುಂಬಿಸ್ಕೊಳ್ಳುತ್ತೆ.

ಈಗ ಪಂಚಾಂಗದ ವಿಷಯ. ಮುಟ್ಟಿ ಹಿಡಿಯೋ ಹಕ್ಕಿಗೆ ಮೀನು ದೂರ ದೂರ ಇದ್ರೆ ಪ್ರಯೋಜನ ಇಲ್ಲ, ಒತ್ತಾಗಿರಬೇಕು. ನಮ್ಮ ಕಡೆ ಹಿಂಗಾರು ಮುಗಿದು ಕೆರೆಗಳು ಇಳೀತಾ ಇಳೀತಾ ಬೇಸಿಗೆಗೆ ನೀರು ಕಮ್ಮಿ ಆಗಿ ಮೀನೆಲ್ಲ ತಗ್ಗಲ್ಲಿ ಕೂಡ್ಕೊಳ್ತವೆ, ಮರಿಗಳಿಗೆ ಹಸಿವು ಜೋರಾಗಿರೋದೂ ಅದೇ ಹೊತ್ತು. ಭರತ್‌ಪುರದಲ್ಲಿ ಮುಂಗಾರು ನೀರು ತುಂಬಿ ಮರಿಮೀನು ತುಂಬಿ ತುಳುಕೋ ಕಾಲಕ್ಕೆ ಅಲ್ಲಿಯವು ಗೂಡು ಕಟ್ತವೆ. ಹಕ್ಕಿ ತಿಂಗಳು ನೋಡಲ್ಲ, ಮೀನು ನೋಡುತ್ತೆ.

ಇದು ಗೊತ್ತಾದ ಮೇಲೆ ನನಗೆ ಬೆಂಗಳೂರಿನ ಕೆರೆಗಳನ್ನ ನೋಡಿದ್ರೆ ಸಂಕಟ ಆಗುತ್ತೆ. ಅಭಿವೃದ್ಧಿ ಅಂತ ಜೆಸಿಬಿ ಇಳಿಸಿ ಬಟ್ಟಲು ಥರ ಆಳ ತೆಗೆದು ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡ್ತಾರೆ. ನೋಡೋಕೆ ನೀರು ತುಂಬಿರುತ್ತೆ, ಆದ್ರೆ ಅಂಚಲ್ಲೇ ಎರಡಾಳು ಆಳ, ಕಾಲು ಊರಿ ನಿಲ್ಲೋ ಹಕ್ಕಿಗೆ ನಿಲ್ಲೋ ಜಾಗ ಎಲ್ಲಿದೆ? ನೀರುಕಾಗೆ ಮುಳುಗಿ ಹಿಡಿಯುತ್ತೆ, ಹೆಜ್ಜಾರ್ಲೆ ಈಜಿಕೊಂಡು ಚೀಲದಲ್ಲಿ ಮೊಗೆಯುತ್ತೆ, ಕೊಕ್ಕರೆಗೆ ಓರೆಯಾಗಿ ಇಳಿಯೋ ಕೆಸರಂಚು ಬೇಕೇ ಬೇಕು. ಕೊಕ್ಕರೆ ಬೆಳ್ಳೂರಿನ ಮರ ಎಷ್ಟೇ ಕಾಪಾಡಿದ್ರೂ ಸುತ್ತಲ ಕೆರೆಗಳು ಹೀಗೆ ಬಟ್ಟಲಾದ್ರೆ ಆ ಮೂರನೇ ಮರಿಗೆ ಮೀನು ಎಲ್ಲಿಂದ ಬರುತ್ತೆ. ನಿಮ್ಮ ಊರಿನ ಕೆರೆ ಹೂಳೆತ್ತೋ ಕೆಲಸ ಶುರು ಆದ್ರೆ ಒಂದು ಕಡೆಯಾದ್ರೂ ಓರೆ ಅಂಚು ಬಿಡಿ ಅಂತ ಕೇಳಿ, ನಾನು ನಮ್ಮ ಏರಿಯಾದ ಕೆರೆಗೆ ಈ ತಿಂಗಳೇ ಅರ್ಜಿ ಕೊಟ್ಟಿದೀನಿ.

ವಾಪಸ್ ಬಂದು ಸಂಜೆ ಪಂಜರ ತೋರಿಸಿದ. ಗೂಡಿಂದ ಬಿದ್ದ ಮರಿಗಳನ್ನ ಊರವರು ಅಲ್ಲಿಟ್ಟು ಮೀನು ಹಾಕಿ ಸಾಕ್ತಾರೆ, ಹಾರೋಕೆ ಬಂದ್ಮೇಲೆ ಬಿಡ್ತಾರೆ. ನಾವು ಹೋದಾಗ ಎರಡು ಹೆಜ್ಜಾರ್ಲೆ ಮರಿ, ಒಂದು ಕೊಕ್ಕರೆ ಮರಿ ಇತ್ತು. 2017ರ ಕೊನೆ, 2018ರ ಶುರುವಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೆ ಒಂದು ಸತ್ತಿದ್ವಲ್ಲ, ಹೊಟ್ಟೇಲಿ ಹುಳ ಅಂತ ಗೊತ್ತಾಗಿತ್ತು, ಆ ದಿನಗಳ ಬಗ್ಗೆ ಹುಡುಗ ಮಾತಾಡೋವಾಗ ದನಿ ಬದಲಾಯ್ತು. ಬೆಳಗ್ಗೆ ಎದ್ದು ಯಾವ ಮರದ ಕೆಳಗೆ ಏನು ಬಿದ್ದಿದೆಯೋ ಅಂತ ನೋಡೋಕೇ ಭಯ ಆಗ್ತಿತ್ತಕ್ಕ ಅಂದ.

ಹೋಗೋರಿಗೆ ಕೆಲವು ಮಾತು. ತಲೆಗೆ ಟೋಪಿ ಅಥವಾ ಹಳೇ ಛತ್ರಿ ತಗೊಂಡು ಹೋಗಿ, ಮರದ ಕೆಳಗೆ ನಿಂತ್ರೆ ಹಿಕ್ಕೆ ಬಿದ್ದೇ ಬೀಳುತ್ತೆ, ಒಳ್ಳೇ ಬಟ್ಟೆ ಬೇಡ. ಜನರ ಮನೆ ಅದು, ಹಿತ್ತಲಿಗೆ ಕಾಲಿಡೋಕೆ ಮುಂಚೆ ಕೇಳಿ, ಕೇಳಿದ್ರೆ ಯಾರೂ ಬೇಡ ಅನ್ನಲ್ಲ. ಬೆಳಗ್ಗೆ ಬೇಗ ಹೋಗಿ ಕೆರೆ ನೋಡೋ ತನಕ ಇರಿ, ಎರಡು ಗಂಟೆಯಲ್ಲಿ ಮುಗಿಸ್ಕೊಂಡು ಬರೋ ಜಾಗ ಇದಲ್ಲ. ನೀರು ನೀವೇ ಒಯ್ಯಿರಿ, ಪ್ಲಾಸ್ಟಿಕ್ ವಾಪಸ್ ತನ್ನಿ. ದುಡ್ಡು ಇಷ್ಟೇ ಅಂತ ಅವರು ಕೇಳಲಿಲ್ಲ, ನಾವು ಗೈಡಿಂಗ್, ಊಟ ಸೇರಿ 2000 ಕೊಟ್ವಿ, ಅಜ್ಜಿ ಅದರಲ್ಲಿ 200 ಮಗಳ ಕೈಗೆ ವಾಪಸ್ ಇಟ್ರು. ನಾಲ್ಕು ಜನಕ್ಕೆ ಇಡೀ ದಿನ, ಆ ಊಟಕ್ಕೆ, ಕಮ್ಮೀನೇ ಕೊಟ್ವಿ ಅನ್ನಿಸ್ತಿದೆ, ನೀವು ಜಾಸ್ತಿ ಕೊಡಿ.

ರಂಗನತಿಟ್ಟು ಒಳ್ಳೇದಾ ಇದು ಒಳ್ಳೇದಾ ಅಂತ ಕೆಲವರು ಕೇಳಿದ್ರು. ರಂಗನತಿಟ್ಟಲ್ಲಿ ಬೋಟಲ್ಲಿ ಕೂತು ಹತ್ತಿರದಿಂದ ನೋಡಬಹುದು, ಬಾಯ್ಕಳಕ ಕೊಕ್ಕರೆ, ಮೊಸಳೆ ಎಲ್ಲ ಸಿಗುತ್ತೆ, ವಯಸ್ಸಾದೋರಿಗೆ ಆರಾಮ, ಪಕ್ಷಿ ತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮ ಆದ ಜಾಗ, ಅದೂ ಚೆಂದ. ಶಿರಾ ಕಡೆಯವರಿಗೆ ಕಗ್ಗಲಡು ಹತ್ರ, ಅಲ್ಲೂ ಇದೇ ಥರ ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತೆ, ನಾನು ಮುಂದಿನ ಫೆಬ್ರವರಿಗೆ ಹೋಗ್ತೀನಿ. ಆದ್ರೆ ಒಂದು ಕೊಕ್ಕರೆ ಸಂಸಾರವನ್ನ ಬೆಳಗಿಂದ ಸಂಜೆ ತನಕ ನೋಡಬೇಕು ಅಂದ್ರೆ ಅಜ್ಜಿ ಮನೆ ಹಿತ್ತಲಿಗೆ ಸಮ ನನಗೆ ಬೇರೆ ಗೊತ್ತಿಲ್ಲ. ಮಗಳು ಸ್ಕೂಲ್ ಪ್ರಾಜೆಕ್ಟ್ ಮತ್ತೆ ಬರೆದ್ಲು, ಸೈಬೀರಿಯಾ ಹೊಡೆದು ಹಾಕಿ.

ಏಪ್ರಿಲ್ ಎರಡನೇ ವಾರ ಹುಡುಗನ ಫೋನ್ ಬಂತು, ರಾತ್ರಿ ಗಾಳಿ ಮಳೆಗೆ ಕೊಂಬೆ ಅಲ್ಲಾಡಿ ಆ ಸಣ್ಣದು ಕೆಳಗೆ ಬಿತ್ತು ಅಕ್ಕ ಅಂದ. ಗೊಬ್ಬರದ ಗುಂಡಿ ಮೇಲೆ ಬಿದ್ದಿದ್ರಿಂದ ಪೆಟ್ಟಾಗಿಲ್ಲ, ಅಜ್ಜಿ ಸೆರಗಲ್ಲಿ ಸುತ್ಕೊಂಡು ಹೋಗಿ ಪಂಜರಕ್ಕೆ ಬಿಟ್ರಂತೆ. ಮೇ ಕೊನೇಲಿ ನಾನೇ ಮಾಡ್ದೆ. ದೊಡ್ಡವೆರಡೂ ಹಾರಿ ಹೋಗಿದ್ವು, ಗೂಡು ಖಾಲಿ. ಸಣ್ಣದು ಪಂಜರದಲ್ಲೇ ಇದೆ, ದಿನಾ ಬೆಳಗ್ಗೆ ಮೀನಿನ ಬಕೆಟ್ ಸದ್ದು ಕೇಳಿದ್ರೆ ಬಾಗಿಲ ಹತ್ರ ಬಂದು ರೆಕ್ಕೆ ಬಡಿಯುತ್ತಂತೆ, ಇನ್ನೂ ನೆಲ ಬಿಟ್ಟು ಎದ್ದಿಲ್ಲ.